ಮೊಲದ ಸೀಳುತುಟಿ: ಮಕ್ಕಳ ಕಥೆಗಳಲ್ಲಿ ಸಾವಿನ ಪ್ರಶ್ನೆ

ಮನುಷ್ಯನು ಏಕೆ ಸಾಯಬೇಕು ಎಂಬ ಪ್ರಶ್ನೆಗೆ ದರ್ಶನಗಳು ಕೊಟ್ಟ ಉತ್ತರಗಳು ಬಹುಮಟ್ಟಿಗೆ ಓದಿ ತರ್ಕಿಸಬಲ್ಲ ದೊಡ್ಡವರಿಗಾಗಿ ಹುಟ್ಟಿದವು. ಅದೇ ಪ್ರಶ್ನೆಗೆ ಬೇರೆಬೇರೆ ನಾಡುಗಳ ಜನಪದರು ಕಟ್ಟಿಕೊಂಡ ಕಥೆಗಳಾದರೋ ಮುದುಕರು, ದುಡಿದು ದಣಿದವರು, ಮಡಿಲಲ್ಲಿ ತೂಕಡಿಸುವ ಮಕ್ಕಳು ಎಂಬ ಭೇದವಿಲ್ಲದೆ ಎಲ್ಲರ ಕಿವಿಗೂ ಬೀಳುತ್ತಿದ್ದವು. 19ನೆಯ ಶತಮಾನದಲ್ಲಿ ಇಂಥ ಕಥೆಗಳು ಸಂಗ್ರಹಗೊಂಡು ಅಚ್ಚಾಗತೊಡಗಿ, ಅವುಗಳಲ್ಲಿ ಕೆಲವನ್ನು ಆಯ್ದು ಮಕ್ಕಳಿಗೆಂದೇ ಮತ್ತೆ ಬರೆಯುವ ರೂಢಿ ಬೆಳೆದ ಮೇಲೆ, ಸಾವನ್ನು ಮಗುವಿಗೆ ಹೇಳಬೇಕೇ, ಹೇಳುವುದಾದರೆ ಹೇಗೆ ಎಂಬ ತೊಡಕು ತಲೆದೋರಿತು. ಪುನರ್ಕಥನ, ಅಂದರೆ ಬಾಯಿಂದ ಬಾಯಿಗೆ ಬಂದ ಅಥವಾ ಹಳೆಯ ಗ್ರಂಥದಲ್ಲಿ ಉಳಿದ ಕಥೆಯನ್ನು ಹೊಸ ಕೇಳುಗರಿಗಾಗಿ ಹೊಸ ಮಾತಿನಲ್ಲಿ ಹೇಳುವ ಕೆಲಸ, ಈ ತೊಡಕನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬಿಡಿಸಿಕೊಂಡಿದೆ: ಸಾವನ್ನು ಕಥೆಯಿಂದ ತೆಗೆದುಹಾಕುವುದು ಒಂದು ಬಗೆ, ಸಾವನ್ನು ಉಳಿಸಿಕೊಂಡು ಅದಕ್ಕೊಂದು ನೀತಿಯ ಕಾರಣವನ್ನು ಅಂಟಿಸುವುದು ಇನ್ನೊಂದು ಬಗೆ. ಮೊದಲನೆಯದರ ಬಗ್ಗೆ ಶಿಕ್ಷಕರೂ ವಿಮರ್ಶಕರೂ ಸಾಕಷ್ಟು ವಾದಿಸಿದ್ದಾರೆ. ಎರಡನೆಯದನ್ನು ನಿರಪಾಯವೆಂದು, ಅಷ್ಟೇಕೆ ಒಳ್ಳೆಯ ಕೆಲಸವೆಂದೇ, ಎಲ್ಲರೂ ಎಣಿಸುವುದರಿಂದ ಅದರ ಬಗ್ಗೆ ಚರ್ಚೆ ಕಡಿಮೆ. ಆದರೆ ತಾತ್ತ್ವಿಕವಾಗಿ ನೋಡಿದರೆ ಕಥೆಗೆ ಹೆಚ್ಚಿನ ಪೆಟ್ಟು ಬಿದ್ದಿರುವುದು ಈ ಎರಡನೆಯ ಬಗೆಯಿಂದಲೇ. ಏಕೆಂದರೆ ಸಾವನ್ನು ತೆಗೆದುಹಾಕಿದವನು ಒಂದು ಸಂಗತಿಯನ್ನು ಮುಚ್ಚಿಡುತ್ತಾನೆ, ಅದಕ್ಕೆ ನೀತಿ ಅಂಟಿಸಿದವನು ಆಕಸ್ಮಿಕವಾಗಿದ್ದ ಒಂದನ್ನು ಅಪರಾಧವಾಗಿ ಮಾರ್ಪಡಿಸುತ್ತಾನೆ.

ಲೋಕದಲ್ಲಿ ಕಾಣುವ ಒಂದು ಸಂಗತಿ ಹೀಗೇಕಾಯಿತು ಎಂದು ಹೇಳುವ ಕಥೆಯನ್ನು ಕಾರಣಕಥೆ ಎನ್ನಬಹುದು. ಸಾವಿನ ಕಾರಣಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ದಕ್ಷಿಣ ಆಫ್ರಿಕದ ಖೊಯ್‌ಖೊಯ್ ಜನರದು. ಕೇಪ್ ಟೌನಿನಲ್ಲಿ ನೆಲೆಸಿದ್ದ ಜರ್ಮನ್ ಭಾಷಾವಿದ್ವಾಂಸ ವಿಲ್ಹೆಲ್ಮ್ ಬ್ಲೀಕ್ 1864ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಅದರ ಹಲವು ಪಾಠಗಳಿವೆ. ತಾನು ಸತ್ತು ಮತ್ತೆ ಹುಟ್ಟುವಂತೆ ಮನುಷ್ಯರೂ ಸತ್ತು ಮತ್ತೆ ಹುಟ್ಟುವರೆಂಬ ಮಾತನ್ನು ಚಂದ್ರನು ಒಂದು ಹುಳುವಿನ ಮೂಲಕ ಕಳುಹಿಸುತ್ತಾನೆ. ದಾರಿಯಲ್ಲಿ ಸಿಕ್ಕ ಮೊಲ, ತನ್ನ ಕಾಲು ಚುರುಕೆಂದು ಆ ಮಾತನ್ನು ತಾನೇ ವಹಿಸಿಕೊಂಡು ಓಡುತ್ತದೆ. ಮನುಷ್ಯರ ಬಳಿಗೆ ಬಂದಾಗ ಮಾತು ಅದರ ಬಾಯಲ್ಲಿ ತಲೆಕೆಳಗಾಗಿ, ಚಂದ್ರನು ಸತ್ತು ಇಲ್ಲವಾಗುವಂತೆ ನೀವೂ ಸತ್ತು ಇಲ್ಲವಾಗುವಿರಿ ಎಂದಾಗುತ್ತದೆ. ಹಿಂದಿರುಗಿದ ಮೊಲದ ಮೂತಿಗೆ ಚಂದ್ರನು ಮರದ ತುಂಡಿನಿಂದ ಹೊಡೆಯುತ್ತಾನೆ, ಮೊಲದ ತುಟಿ ಇಂದಿಗೂ ಸೀಳಿದಂತಿರುವುದು ಅದರಿಂದ. ತಪ್ಪಿ ಹೋದದ್ದು ಒಂದು ಮಾತು, ಅದಕ್ಕೆ ತೆತ್ತದ್ದು ಮನುಷ್ಯಕುಲದ ಅಮರತ್ವ. ಈ ಎರಡರ ನಡುವೆ ಯಾವ ಹೊಂದಿಕೆಯೂ ಇಲ್ಲ, ಹೊಂದಿಕೆಯಿಲ್ಲದಿರುವುದೇ ಕಥೆಯ ಬಲ.

ಇದೇ ಕಥೆಯ ಇನ್ನೊಂದು ರೂಪ ಸಾನ್ ಜನರ ಒಂದು ಶಾಖೆಯವರಲ್ಲಿ, ಈಗ ಆಡುವವರಿಲ್ಲದೆ ಅಳಿದುಹೋಗಿರುವ ಭಾಷೆಯಲ್ಲಿ, ದೊರೆತಿದೆ. ಬ್ಲೀಕ್ ಮತ್ತು ಆತನ ನಾದಿನಿ ಲೂಸಿ ಲಾಯ್ಡ್ ಕೇಪ್ ಟೌನಿನ ಸೆರೆಮನೆಯಿಂದ ಬಂದ ಸಾನ್ ಕೈದಿಗಳೊಡನೆ ವರ್ಷಗಟ್ಟಲೆ ಕುಳಿತು ಬರೆದುಕೊಂಡ ಕಥೆಗಳ ಒಂದು ಭಾಗ ಲಾಯ್ಡ್‌ಳ ಸಂಪಾದನೆಯಲ್ಲಿ 1911ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಮೊಲ ದೂತನಲ್ಲ, ತಾಯಿ ಸತ್ತು ಅಳುತ್ತಿರುವ ಮರಿ. ಅಳಬೇಡ, ನಾನು ಮರಳುವಂತೆ ನಿನ್ನ ತಾಯಿಯೂ ಮರಳುತ್ತಾಳೆ ಎಂದು ಚಂದ್ರನು ಸಮಾಧಾನ ಹೇಳುತ್ತಾನೆ. ಇಲ್ಲ, ಅವಳು ನಿಜವಾಗಿಯೂ ಸತ್ತಿದ್ದಾಳೆ, ಬರುವುದಿಲ್ಲ ಎಂದು ಮರಿ ಪಟ್ಟುಹಿಡಿದು ಅಳುತ್ತದೆ. ತನ್ನ ಮಾತನ್ನು ನಂಬದ ಆ ಮರಿಯ ಬಾಯಿಗೆ ಚಂದ್ರನು ಗುದ್ದುತ್ತಾನೆ, ಮನುಷ್ಯರೆಲ್ಲರೂ ಇನ್ನು ಮುಂದೆ ಹಿಂದಿರುಗದಂತೆ ಸಾಯಲಿ ಎಂದು ಶಪಿಸುತ್ತಾನೆ. ಸಾವಿನ ಬಗ್ಗೆ ಇರುವ ಕಥೆಗಳಲ್ಲಿ ಇದಕ್ಕಿಂತ ಕ್ರೂರವಾದುದು, ಜೊತೆಗೆ ಇದಕ್ಕಿಂತ ಮಗುವಿನ ಮನಸ್ಸಿಗೆ ಹತ್ತಿರವಾದುದು, ಸುಲಭವಾಗಿ ಸಿಗಲಾರದು. ಇಲ್ಲಿ ಸರಿ ಯಾರದು, ತಪ್ಪು ಯಾರದು ಎಂದು ನಿರ್ಧರಿಸುವುದು ಕಷ್ಟ. ನಂಬಿಕೆಯಿಲ್ಲದ್ದು ಮರಿಯ ತಪ್ಪೆನ್ನಬೇಕಾದರೆ, ಕಣ್ಣೆದುರಿಗೆ ಬಿದ್ದಿರುವ ತಾಯಿಯ ದೇಹವನ್ನು ಕಂಡು ಅತ್ತದ್ದೇ ತಪ್ಪೆನ್ನಬೇಕಾಗುತ್ತದೆ. ಚಂದ್ರನ ಸಮಾಧಾನದ ಮಾತು ಶಾಪಕ್ಕೆ ಮುಂಚೆ ನಿಜವಾಗಿತ್ತೆಂದು ಕಥೆ ಹೇಳುತ್ತದೆ, ಆದರೆ ಕೇಳುತ್ತಿರುವ ಮಗು ಬದುಕುತ್ತಿರುವುದು ಶಾಪದ ನಂತರದ ಲೋಕದಲ್ಲಿ. ಅಲ್ಲಿ ಮೊಲದ ಮರಿಯ ಮಾತೇ ನಿಜ.

ಜುಲು ಜನರ ಕಥೆಯಲ್ಲಿ ಚಂದ್ರನ ಜಾಗದಲ್ಲಿ ಉಂಕುಲುಂಕುಲು ಎಂಬ ಆದಿಪುರುಷನಿದ್ದಾನೆ. ಹೆನ್ರಿ ಕ್ಯಾಲವೇ ಎಂಬ ಮಿಷನರಿ ಜುಲು ಧರ್ಮವಿಚಾರವನ್ನು ಕುರಿತು 1868ರಿಂದ ಪ್ರಕಟಿಸತೊಡಗಿದ ಗ್ರಂಥದಲ್ಲಿ ಅದು ಮೂಲಭಾಷೆಯ ಪಠ್ಯದೊಡನೆ ಅಚ್ಚಾಗಿದೆ. ಮನುಷ್ಯರು ಸಾಯದಿರಲಿ ಎಂಬ ಮಾತನ್ನು ಹೊತ್ತ ಗೋಸುಂಬೆ ದಾರಿಯಲ್ಲಿ ಪೊದೆಯ ಹಣ್ಣು ತಿನ್ನುತ್ತ ನಿಧಾನ ಮಾಡುತ್ತದೆ. ಅಷ್ಟರಲ್ಲಿ ಉಂಕುಲುಂಕುಲು, ಮನುಷ್ಯರು ಸಾಯಲಿ ಎಂಬ ಮಾತಿನೊಡನೆ ಹಲ್ಲಿಯನ್ನು ಕಳುಹಿಸುತ್ತಾನೆ. ಹಲ್ಲಿ ಮೊದಲು ತಲುಪುತ್ತದೆ. ಗೋಸುಂಬೆ ಬಂದು ತನ್ನ ಮಾತನ್ನು ಹೇಳಿದಾಗ ಮನುಷ್ಯರು, ಹಲ್ಲಿಯ ಮಾತನ್ನು ನಾವು ಆಗಲೇ ಒಪ್ಪಿಕೊಂಡುಬಿಟ್ಟೆವು ಎನ್ನುತ್ತಾರೆ. ಎರಡನೆಯ ದೂತನನ್ನು ಕಳುಹಿಸಿದ್ದೇಕೆಂಬುದಕ್ಕೆ ಕಥೆ ಕಾರಣ ಕೊಡುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಬಲ್ಲ ಕನ್ನಡದ ಕಿವಿಗೆ ಈ ಕಥೆಯ ತರ್ಕ ಅಪರಿಚಿತವೇನಲ್ಲ: ಆಡಿದ ಮಾತಿಗೆ ಆಡಿದವನನ್ನೂ ಮೀರಿದ ಸತ್ತೆಯಿದೆ, ಅದನ್ನು ಹಿಂದಕ್ಕೆ ಕರೆಯುವ ಶಕ್ತಿ ದೇವರಿಗೂ ಇಲ್ಲ.

ಈ ಕಥೆಯನ್ನು ಮಕ್ಕಳ ಪುಸ್ತಕಕ್ಕೆ ಇಳಿಸುವಾಗ ಕಥೆಗಾರನ ಕೈ ತನಗೆ ತಾನೇ ಗೋಸುಂಬೆಯತ್ತ ಹೋಗುತ್ತದೆ. ಹಣ್ಣು ತಿನ್ನುತ್ತ ನಿಂತ ಗೋಸುಂಬೆ ಸೋಮಾರಿಯಾಗುತ್ತದೆ, ಸೋಮಾರಿತನದ ಫಲವಾಗಿ ಸಾವು ಬಂತೆಂದಾಗುತ್ತದೆ, ಕೊನೆಗೊಂದು ಸಾಲಿನಲ್ಲಿ ವಹಿಸಿದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಬೇಕೆಂಬ ಬುದ್ಧಿವಾದ ಬಂದು ಕೂರುತ್ತದೆ. ಮೇಲುನೋಟಕ್ಕೆ ಬದಲಾದದ್ದು ಬಹಳ ಕಡಿಮೆ: ಒಂದು ವಿಶೇಷಣ, ಒಂದು ವಾಕ್ಯ. ಆದರೆ ಮೂಲದಲ್ಲಿ ಗೋಸುಂಬೆ ನಿಧಾನಿಸಿದ್ದು ಗೋಸುಂಬೆಯ ಸ್ವಭಾವ. ಅದು ಹಾಗೆಯೇ ನಡೆಯುವ ಪ್ರಾಣಿ, ಒಂದು ಹೆಜ್ಜೆ ಎತ್ತಿ ಅಲುಗಾಡಿ ಮತ್ತೊಂದನ್ನು ಇಡುವ ಪ್ರಾಣಿ. ಸ್ವಭಾವವನ್ನು ದೋಷವೆಂದು ಹೆಸರಿಸಿದ ಕೂಡಲೇ ಸಾವು ಲೋಕದ ಒಂದು ಸ್ಥಿತಿಯಾಗಿ ಉಳಿಯದೆ ಯಾರೋ ಮಾಡಿದ ತಪ್ಪಿಗೆ ಎಲ್ಲರೂ ಅನುಭವಿಸುವ ದಂಡನೆಯಾಗುತ್ತದೆ. ಕಾರಣ ಬೇರೆ, ಹೊಣೆ ಬೇರೆ ಎಂಬುದು ತತ್ತ್ವಶಾಸ್ತ್ರದ ಹಳೆಯ ವಿವೇಕ. ಮಳೆ ಬಂದು ಗೋಡೆ ಬಿದ್ದರೆ ಮಳೆ ಕಾರಣವೇ ಹೊರತು ಅಪರಾಧಿಯಲ್ಲ. ಜನಪದ ಕಥೆ ಈ ವಿವೇಕವನ್ನು ಕಾಪಾಡಿಕೊಂಡಿದೆ, ನೀತಿಯ ಪುನರ್ಕಥನ ಅದನ್ನು ಅಳಿಸುತ್ತದೆ.

ಇದರ ಭಾರ ಬೀಳುವುದು ಕೇಳುವ ಮಗುವಿನ ಮೇಲೆ. ಬುಡಾಪೆಸ್ಟಿನ ಮನೋವಿಜ್ಞಾನಿ ಮಾರಿಯಾ ನಾಗಿ 3ರಿಂದ 10 ವರ್ಷದ 378 ಮಕ್ಕಳ ಸಾವಿನ ಕಲ್ಪನೆಗಳನ್ನು ಪರಿಶೀಲಿಸಿ 1948ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಐದು ವರ್ಷಕ್ಕಿಂತ ಚಿಕ್ಕವರು ಸಾವನ್ನು ದೂರಪ್ರಯಾಣದಂತೆ ಅಥವಾ ನಿದ್ದೆಯಂತೆ ಹಿಂದಿರುಗಬಹುದಾದ ಸ್ಥಿತಿಯೆಂದು ಭಾವಿಸುವುದನ್ನೂ, ಐದರಿಂದ ಒಂಬತ್ತರವರೆಗಿನವರು ಅದನ್ನು ಬಂದು ಕರೆದೊಯ್ಯುವ ಒಬ್ಬ ವ್ಯಕ್ತಿಯಂತೆ ಕಲ್ಪಿಸಿಕೊಳ್ಳುವುದನ್ನೂ ಗುರುತಿಸಿದಳು. ಎಲ್ಲ ಸಮಾಜಗಳ ಮಕ್ಕಳಿಗೂ ಇದೇ ಮೆಟ್ಟಿಲುಗಳು ಅನ್ವಯಿಸುತ್ತವೆಂದು ಹೇಳುವುದು ಆತುರವಾದೀತು. ಅದೇನೇ ಇರಲಿ, ಮನೆಯಲ್ಲೊಂದು ಸಾವಾದಾಗ ಚಿಕ್ಕ ಮಗು ತಾನು ಹಟಮಾಡಿದ್ದರಿಂದಲೇ ಹೀಗಾಯಿತೇ ಎಂದು ಒಳಗೊಳಗೇ ಅಂಜುವುದು ಮಕ್ಕಳೊಡನೆ ಒಡನಾಡಿದವರೆಲ್ಲ ಬಲ್ಲ ವಿಷಯ. ಅಂಥ ಮಗುವಿಗೆ ಸಾವು ತಪ್ಪಿನ ಫಲವೆಂದು ಹೇಳುವ ಕಥೆ ಆ ಅಂಜಿಕೆಗೆ ಸಾಕ್ಷಿ ಹೇಳಿದಂತಾಗುತ್ತದೆ. ಮಾತು ದಾರಿಯಲ್ಲಿ ತಪ್ಪಿತು ಎಂಬ ಕಥೆಯಾದರೆ ಆ ಹೊರೆಯನ್ನು ಮೊಲದ ತುಟಿಗೆ ವರ್ಗಾಯಿಸಿ ಮಗುವನ್ನು ಬಿಟ್ಟುಬಿಡುತ್ತದೆ.

ಸ್ಕಾಟ್ಲೆಂಡಿನ ವಿದ್ವಾಂಸ ಜೇಮ್ಸ್ ಫ್ರೇಜರ್ 1913ರ ತನ್ನ ಗ್ರಂಥದಲ್ಲಿ ಸಾವಿನ ಕಾರಣಕಥೆಗಳನ್ನು ಇಬ್ಬರು ದೂತರ ಕಥೆ, ಹೆಚ್ಚಿ ಕುಂದುವ ಚಂದ್ರನ ಕಥೆ, ಪೊರೆ ಬಿಡುವ ಹಾವಿನ ಕಥೆ, ಬಾಳೆಯ ಗಿಡದ ಕಥೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ. ಕೊನೆಯದು ಇಂಡೊನೇಷಿಯದ ಸುಲವೇಸಿ ದ್ವೀಪದ ಪೊಸೊ ಪ್ರದೇಶದ್ದು. ಆಗ ಆಕಾಶ ನೆಲಕ್ಕೆ ಹತ್ತಿರವಿತ್ತು, ಸೃಷ್ಟಿಕರ್ತನು ಹಗ್ಗದಲ್ಲಿ ಕಟ್ಟಿ ಉಡುಗೊರೆಗಳನ್ನು ಇಳಿಬಿಡುತ್ತಿದ್ದ. ಒಂದು ದಿನ ಕಲ್ಲು ಬಂದಾಗ ಮೊದಲ ಗಂಡಹೆಂಡಿರು, ಇದನ್ನು ಕಟ್ಟಿಕೊಂಡು ಮಾಡುವುದೇನು, ಬೇರೆ ಕೊಡು ಎಂದರು. ಹಗ್ಗ ಮೇಲೇರಿ ಬಾಳೆಹಣ್ಣಿನೊಡನೆ ಇಳಿಯಿತು, ಅವರು ಓಡಿಬಂದು ತೆಗೆದುಕೊಂಡರು. ಆಗ ಮೇಲಿನಿಂದ ದನಿಯೊಂದು, ನೀವು ಬಾಳೆಯನ್ನು ಆರಿಸಿಕೊಂಡದ್ದರಿಂದ ನಿಮ್ಮ ಬಾಳೂ ಅದರಂತೆಯೇ, ಮರಿ ಹುಟ್ಟಿದ ಮೇಲೆ ತಾಯಿಗಿಡ ಸಾಯುವುದು ಎಂದಿತು. ಹಿತ್ತಲಲ್ಲಿ ಬಾಳೆ ಬೆಳೆಯುವ ಕರ್ನಾಟಕದ ಮಗುವಿಗೆ ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ. ಗೊನೆ ಕಡಿದ ಮೇಲೆ ದಿಂಡು ನೆಲಕ್ಕೆ ಬೀಳುವುದನ್ನೂ ಅದರ ಬುಡದಲ್ಲಿ ಕಂದುಗಳು ಆಗಲೇ ಎದ್ದು ನಿಂತಿರುವುದನ್ನೂ ಅದು ಕಂಡಿರುತ್ತದೆ, ಬಾಳೆಯ ಮರಿಗೆ ಕಂದು ಎಂಬ ಹೆಸರೂ ಕೂಸಿಗೆ ಕಂದ ಎಂಬ ಹೆಸರೂ ಒಂದೇ ಉಸಿರಿನವೆಂಬುದನ್ನು ಕೇಳಿಯೂ ಇರುತ್ತದೆ. ಮನುಷ್ಯರು ಹಣ್ಣನ್ನು ಬಯಸಿದ್ದು ದುರಾಸೆಯೆಂದು ಬರೆಯುವ ಪುನರ್ಕಥನಕಾರ, ಕಲ್ಲಿಗೆ ಮಕ್ಕಳಾಗುವುದಿಲ್ಲ ಎಂಬ ಸರಳ ಸಂಗತಿಯನ್ನು ಮರೆಯುತ್ತಾನೆ. ಕಥೆಯಲ್ಲಿರುವುದು ತಪ್ಪು ಆಯ್ಕೆಯಲ್ಲ. ಸಾಯದೆ ಇರುವುದು ಮತ್ತು ಹಡೆಯುವುದು ಇವೆರಡೂ ಒಟ್ಟಿಗೆ ಸಿಗವು ಎಂಬ ಕಾಣ್ಕೆ.

ನ್ಯೂಜಿಲೆಂಡಿನ ಮಾವೊರಿಗಳ ಮಾವುಯಿ ಎಂಬ ವೀರನ ಕಥೆಯಲ್ಲಿ ಸಾವಿನ ದೇವತೆಯೇ ಎಲ್ಲರ ಮೂಲತಾಯಿ. ಹಿನೆನುಯಿತೆಪೊ ಎಂಬ ಆಕೆ, ಕತ್ತಲ ಲೋಕಕ್ಕೆ ಇಳಿದು ಅಲ್ಲಿಗೆ ಬರುವ ತನ್ನ ಮಕ್ಕಳನ್ನು ತಾನು ಬರಮಾಡಿಕೊಳ್ಳುವೆನೆಂದು ನಿಂತವಳು. ಆಕೆ ನಿದ್ರಿಸುತ್ತಿರುವಾಗ ಆಕೆಯ ದೇಹವನ್ನು ಹೊಕ್ಕು ಹುಟ್ಟಿದ ದಾರಿಯಲ್ಲೇ ಹಿಂದಕ್ಕೆ ಸಾಗಿದರೆ ಸಾವು ಸೋಲುತ್ತದೆಂದು ಮಾವುಯಿ ಹೊರಡುತ್ತಾನೆ, ಸದ್ದು ಮಾಡಬೇಡಿರೆಂದು ಜೊತೆಗಿದ್ದ ಹಕ್ಕಿಗಳಿಗೆ ಹೇಳುತ್ತಾನೆ. ಬೀಸಣಿಗೆಬಾಲದ ಪುಟ್ಟ ಹಕ್ಕಿಯೊಂದು ನಗು ತಡೆಯಲಾರದೆ ಕಿಲಕಿಲನೆ ನಗುತ್ತದೆ, ಆಕೆ ಎಚ್ಚರಗೊಂಡು ಅವನನ್ನು ಹಿಸುಕಿಬಿಡುತ್ತಾಳೆ. ಜಾರ್ಜ್ ಗ್ರೇ 1855ರಲ್ಲಿ ಇಂಗ್ಲಿಷಿಗೆ ತಂದ ಪಾಠದಲ್ಲಿ ಇನ್ನೊಂದು ಎಳೆಯಿದೆ: ಮಾವುಯಿಗೆ ಸಂಸ್ಕಾರ ಮಾಡುವಾಗ ತಂದೆ ಮಂತ್ರದ ಒಂದು ಭಾಗವನ್ನು ಅವಸರದಲ್ಲಿ ಬಿಟ್ಟಿದ್ದ. ಇಲ್ಲಿಯೂ ಬಿಟ್ಟುಹೋದ ಮಾತು, ಹೊತ್ತಲ್ಲದ ಹೊತ್ತಿನ ನಗು. ಮಕ್ಕಳ ಪುಸ್ತಕಗಳು ಕೆಲವೊಮ್ಮೆ ಮಾವುಯಿ ಆಕೆಯ ಬಾಯೊಳಗೆ ಹೊಕ್ಕನೆಂದು ತಿದ್ದಿಕೊಂಡಿರುವುದು ಮುಜುಗರದಿಂದ ಆದದ್ದು. ಆದರೆ ಹುಟ್ಟನ್ನು ಹಿಂದುಮುಂದಾಗಿಸಿದರೆ ಸಾವು ಇಲ್ಲವಾದೀತು ಎಂಬ ಕಥೆಯ ಇಡೀ ತತ್ತ್ವ ಆ ತಿದ್ದುಪಡಿಯಲ್ಲಿ ಕಳೆದುಹೋಗಿ, ಉಳಿಯುವುದು ರಾಕ್ಷಸಿಯೊಬ್ಬಳು ವೀರನೊಬ್ಬನನ್ನು ನುಂಗಿದ ಸಾಧಾರಣ ಸಾಹಸ ಮಾತ್ರ.

ತಿದ್ದುಪಡಿಯ ಚರಿತ್ರೆಯನ್ನು ದಾಖಲೆಗಳ ಸಮೇತ ನೋಡಬಹುದಾದ ಸಂಗ್ರಹವೆಂದರೆ ಜರ್ಮನಿಯ ಗ್ರಿಮ್ ಸೋದರರದು. ಯಾಕೊಪ್ ಮತ್ತು ವಿಲ್ಹೆಲ್ಮ್ ಗ್ರಿಮ್‌ರ ಕಥೆಗಳ ಮೊದಲ ಸಂಪುಟ 1812ರಲ್ಲಿಯೂ ಎರಡನೆಯದು 1815ರಲ್ಲಿಯೂ ಬಂದವು. 1857ರ ಏಳನೆಯ ಆವೃತ್ತಿಯ ಹೊತ್ತಿಗೆ ವಿಲ್ಹೆಲ್ಮನ ಕೈಯಲ್ಲಿ ಅವು ಬಹಳ ಬದಲಾಗಿದ್ದವು. ನಡುವೆ 1825ರಲ್ಲಿ 50 ಕಥೆಗಳನ್ನು ಆಯ್ದ ಚಿಕ್ಕ ಆವೃತ್ತಿಯೊಂದು ಮಕ್ಕಳನ್ನು ಉದ್ದೇಶಿಸಿ ಹೊರಬಂತು. 1812ರ ಸಂಪುಟದಲ್ಲಿ, ಮಕ್ಕಳು ಕಟುಕನಾಟ ಆಡುತ್ತ ಒಂದು ಮಗುವನ್ನು ಕೊಂದ ಕಥೆಯೊಂದಿತ್ತು. ಕೊಂದ ಮಗುವಿಗೆ ತಿಳಿವಳಿಕೆ ಇತ್ತೇ ಎಂದು ಪರೀಕ್ಷಿಸಲು ನ್ಯಾಯಾಧೀಶನು ಒಂದು ಕೈಯಲ್ಲಿ ಸೇಬನ್ನೂ ಇನ್ನೊಂದರಲ್ಲಿ ಚಿನ್ನದ ನಾಣ್ಯವನ್ನೂ ಹಿಡಿಯುತ್ತಾನೆ, ಮಗು ನಗುತ್ತ ಸೇಬನ್ನು ತೆಗೆದುಕೊಳ್ಳುತ್ತದೆ, ಅದನ್ನು ಶಿಕ್ಷೆಯಿಲ್ಲದೆ ಬಿಡಲಾಗುತ್ತದೆ. ಗೆಳೆಯ ಆಖಿಮ್ ಫೋನ್ ಆರ್ನಿಮ್ ಆಕ್ಷೇಪವೆತ್ತಿದ. 1819ರ ಎರಡನೆಯ ಆವೃತ್ತಿಯಲ್ಲಿ ಈ ಕಥೆ ಇಲ್ಲ. ಆದರೆ 1815ರ ಸಂಪುಟದಲ್ಲಿ ಬಂದ ಹಟಮಾರಿ ಮಗುವಿನ ಕಥೆ ಕೊನೆಯ ಆವೃತ್ತಿಯವರೆಗೂ ಉಳಿಯಿತು. ಕೆಲವೇ ವಾಕ್ಯಗಳ ಆ ಕಥೆಯಲ್ಲಿ ತಾಯಿಯ ಮಾತು ಕೇಳದ ಮಗುವಿಗೆ ದೇವರು ರೋಗ ಕೊಡುತ್ತಾನೆ, ಅದು ಸಾಯುತ್ತದೆ, ಹೂತ ಮೇಲೆಯೂ ಅದರ ಪುಟ್ಟ ಕೈ ಮಣ್ಣಿನಿಂದ ಮೇಲೆ ಬರುತ್ತದೆ, ಮತ್ತೆಮತ್ತೆ ಮಣ್ಣು ಹಾಕಿದರೂ ನಿಲ್ಲುವುದಿಲ್ಲ. ಕೊನೆಗೆ ತಾಯಿಯೇ ಹೋಗಿ ಆ ಕೈಗೆ ಬೆತ್ತದಿಂದ ಹೊಡೆದ ಮೇಲೆ ಅದು ಒಳಗೆ ಹೋಗಿ ಮಗುವಿಗೆ ನೆಲದಡಿಯಲ್ಲಿ ನೆಮ್ಮದಿ ಸಿಗುತ್ತದೆ.

ಈ ಎರಡು ಕಥೆಗಳ ಹಣೆಬರಹವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಕ್ಕಳ ಸಾಹಿತ್ಯದ ಒಂದು ಗುಟ್ಟು ಬಯಲಾಗುತ್ತದೆ. ಭಯಾನಕತೆಯೇ ಅಳತೆಗೋಲಾಗಿದ್ದರೆ ಹಟಮಾರಿ ಮಗುವಿನ ಕಥೆಯೂ ಹೋಗಬೇಕಾಗಿತ್ತು. ಹೋದದ್ದು ಯಾರ ತಪ್ಪೂ ಅಲ್ಲದ ಸಾವು, ಉಳಿದದ್ದು ತಪ್ಪಿಗೆ ಬಂದ ಸಾವು. ಮಕ್ಕಳಿಗೆ ಸಾವನ್ನು ತೋರಿಸಬಾರದೆಂದು ದೊಡ್ಡವರು ಹೇಳುವಾಗ ಅವರನ್ನು ನಿಜವಾಗಿ ಕಾಡುವುದು ಸಾವಲ್ಲ, ಅರ್ಥವಿಲ್ಲದ ಸಾವು. ಮಗು ಏಕೆ ಎಂದು ಕೇಳಿದರೆ ಕೊಡಲು ಉತ್ತರವಿಲ್ಲದ ಸಾವು.

ದೇವರಿದ್ದೂ ಲೋಕದಲ್ಲಿ ಅನ್ಯಾಯವೇಕೆ ಎಂಬ ಪ್ರಶ್ನೆಗೆ ದೇವರ ಪರವಾಗಿ ಕೊಡುವ ಸಮಾಧಾನವನ್ನು ಪಶ್ಚಿಮದಲ್ಲಿ ಥಿಯೊಡಿಸಿ ಎನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದವನು ತತ್ತ್ವಜ್ಞಾನಿ ಲೈಬ್‌ನಿಟ್ಸ್, 1710ರ ತನ್ನ ಗ್ರಂಥದಲ್ಲಿ. ಗ್ರಿಮ್ ಸಂಗ್ರಹದ ಸಾವೆಂಬ ಧರ್ಮಪಿತನ ಕಥೆ ನೇರವಾಗಿ ಈ ಪ್ರಶ್ನೆಗೇ ಕೈಹಾಕುತ್ತದೆ. ಧರ್ಮಪಿತ ಎಂದರೆ ಕ್ರೈಸ್ತರಲ್ಲಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ ಅದರ ಹೊಣೆ ಹೊರುವವನು. ಹದಿಮೂರನೆಯ ಮಗುವಿಗೆ ಅಂಥವನನ್ನು ಹುಡುಕುತ್ತ ಹೊರಟ ಬಡವನೊಬ್ಬ, ತಾನಾಗಿ ಎದುರಾದ ದೇವರನ್ನು ಬೇಡವೆನ್ನುತ್ತಾನೆ, ಕಾರಣ ದೇವರು ಉಳ್ಳವರಿಗೆ ಕೊಟ್ಟು ಬಡವರನ್ನು ಹಸಿವಿಗೆ ಬಿಡುವವನು. ಮನುಷ್ಯರಿಗೆ ಮೋಸ ಮಾಡುವವನೆಂದು ಸೈತಾನನನ್ನೂ ಬೇಡವೆನ್ನುತ್ತಾನೆ. ಎಲ್ಲರನ್ನೂ ಸಮನಾಗಿ ಕಾಣುವ ಸಾವನ್ನು ಒಪ್ಪುತ್ತಾನೆ. ಇಷ್ಟು ನೇರವಾದ ದೂರು ಅಚ್ಚಿನಲ್ಲಿ ಹಾಗೆಯೇ ನಿಲ್ಲುವುದು ವಿಲ್ಹೆಲ್ಮನಿಗೆ ಸರಿಬೀಳಲಿಲ್ಲ; ಮುಂದಿನ ಆವೃತ್ತಿಗಳಲ್ಲಿ, ಸಿರಿ ಬಡತನಗಳನ್ನು ದೇವರು ಎಷ್ಟು ವಿವೇಕದಿಂದ ಹಂಚುತ್ತಾನೆಂದು ಅರಿಯದೆ ಆ ಮನುಷ್ಯ ಹೀಗೆಂದನು ಎಂಬರ್ಥದ ವಾಕ್ಯವೊಂದು ನಿರೂಪಕನ ಬಾಯಲ್ಲಿ ಸೇರಿಕೊಂಡಿತು. ಹದಿಮೂರು ಮಕ್ಕಳ ಹಸಿದ ತಂದೆಗೆ ಉತ್ತರ ಕೊಟ್ಟದ್ದು ದೇವರಲ್ಲ, ಸಂಪಾದಕ.

ಭಾರತದಲ್ಲಿ ಇದೇ ದೂರನ್ನು ಬಾದರಾಯಣರ ಬ್ರಹ್ಮಸೂತ್ರಗಳು ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಎತ್ತಿಕೊಂಡು, ಈಶ್ವರನಿಗೆ ವೈಷಮ್ಯ, ಅಂದರೆ ಪಕ್ಷಪಾತ, ಹಾಗೂ ನೈರ್ಘೃಣ್ಯ, ಅಂದರೆ ಕರುಣೆಯಿಲ್ಲದಿರುವಿಕೆ, ಇವೆರಡರ ದೋಷ ತಟ್ಟದು, ಏಕೆಂದರೆ ಅವನು ಜೀವಿಗಳ ಕರ್ಮವನ್ನು ಅವಲಂಬಿಸಿ ಸೃಷ್ಟಿಸುತ್ತಾನೆ ಎಂದು ಸಮಾಧಾನ ಹೇಳುತ್ತವೆ. ಶಾಸ್ತ್ರವಾಗಿ ಇದು ಗಟ್ಟಿಯಾದ ವಾದ. ಆದರೆ ಕನ್ನಡ ಜನಪದ ಕಥೆಗಳನ್ನು ದಶಕಗಳ ಕಾಲ ಸಂಗ್ರಹಿಸಿದ ಎ. ಕೆ. ರಾಮಾನುಜನ್ ಗಮನಿಸಿದಂತೆ, ಜನಪದ ಕಥೆಗಳು ಕರ್ಮವನ್ನು ವಿವರಣೆಯಾಗಿ ಬಳಸುವುದು ಅಪರೂಪ. ಅಲ್ಲಿ ಹೆಚ್ಚಾಗಿ ಕೇಳಿಬರುವುದು ಹಣೆಬರಹ. ಇವೆರಡೂ ಒಂದೇ ಎಂಬಂತೆ ಮಾತಾಡುವುದು ವಾಡಿಕೆಯಾದರೂ ಅವು ಬೇರೆ ಬೇರೆ. ಕರ್ಮದಲ್ಲಿ ಹಿಂದೆ ಮಾಡಿದ್ದರ ಲೆಕ್ಕವಿದೆ, ಹೊಣೆಯಿದೆ. ಹಣೆಬರಹದಲ್ಲಿ ಯಾರೋ ಬರೆದ ಬರಹವಿದೆ, ಅದನ್ನು ಬರೆದದ್ದೇಕೆಂದು ಕೇಳಲು ಬಾರದು. ಸತ್ತ ತಮ್ಮನ ಬಗ್ಗೆ ಕೇಳುವ ಮಗುವಿಗೆ ಅವನ ಹಿಂದಿನ ಜನ್ಮದ ಪಾಪವೆಂದು ಹೇಳುವ ಅಜ್ಜಿ ಇರಲಾರಳು. ಅವನ ಋಣ ಅಷ್ಟೇ ಇತ್ತು ಎಂದಾಳು. ತರ್ಕಕ್ಕೆ ಸಾಲದ ಈ ಮಾತಿನಲ್ಲಿ ಯಾರನ್ನೂ ಕಟಕಟೆಗೆ ಏರಿಸದ ಸೌಜನ್ಯವಿದೆ.

ಸಾವನ್ನು ಕುರಿತು ಭಾರತೀಯ ಸಾಹಿತ್ಯದ ಅತ್ಯಂತ ಪ್ರಸಿದ್ಧ ಸಂವಾದದಲ್ಲಿ ಪ್ರಶ್ನೆ ಕೇಳುವವನೂ ಒಬ್ಬ ಹುಡುಗ. ನಚಿಕೇತನ ಕಥೆ ಕನಿಷ್ಠ ಮೂರು ಕಡೆ ಮೂರು ರೀತಿಯಲ್ಲಿ ಬಂದಿದೆ. ತೈತ್ತಿರೀಯ ಬ್ರಾಹ್ಮಣದಲ್ಲಿ ಅವನು ಮೂರನೆಯ ವರವಾಗಿ ಪುನರ್ಮೃತ್ಯುವನ್ನು, ಅಂದರೆ ಪರಲೋಕದಲ್ಲಿ ಮತ್ತೆ ಒದಗುವ ಸಾವನ್ನು, ಗೆಲ್ಲುವ ಬಗೆಯನ್ನು ಕೇಳುತ್ತಾನೆ, ಉತ್ತರವಾಗಿ ಅಗ್ನಿಚಯನದ ಕರ್ಮವನ್ನು ಪಡೆಯುತ್ತಾನೆ. ಕಠೋಪನಿಷತ್ತಿನಲ್ಲಿ ಅದೇ ಮೂರನೆಯ ವರ, ಮನುಷ್ಯನು ಸತ್ತ ಮೇಲೆ ಇರುತ್ತಾನೋ ಇಲ್ಲವೋ ಎಂಬ ತತ್ತ್ವದ ಪ್ರಶ್ನೆಯಾಗುತ್ತದೆ. ಮಹಾಭಾರತದ ಅನುಶಾಸನಪರ್ವದಲ್ಲಿ ಹುಡುಗ ಯಮಲೋಕದಲ್ಲಿ ಕಾಣುವುದು ಗೋದಾನ ಮಾಡಿದವರ ಸುಖಲೋಕಗಳನ್ನು. ಯಜ್ಞದವರು, ಜ್ಞಾನದವರು, ದಾನದವರು ತಮ್ಮತಮ್ಮ ಪ್ರಯೋಜನಕ್ಕೆ ತಕ್ಕಂತೆ ಒಂದೇ ಕಥೆಯನ್ನು ಮತ್ತೆ ಹೇಳಿರುವುದರಿಂದ, ಪುನರ್ಕಥನ ಕಥೆಯನ್ನು ಬದಲಿಸುತ್ತದೆ ಎಂಬುದು ತಾನೇ ಆಕ್ಷೇಪವಾಗಲಾರದು. ಯಾವುದನ್ನು ಬಿಟ್ಟುಕೊಟ್ಟು ಬದಲಿಸುತ್ತದೆ ಎಂಬುದೇ ಮುಖ್ಯ.

ಇಂದಿನ ಮಕ್ಕಳ ಪುಸ್ತಕಗಳಲ್ಲಿ ನಚಿಕೇತನು ಸಾಮಾನ್ಯವಾಗಿ ಪಿತೃವಾಕ್ಯ ಪರಿಪಾಲಕನಾದ ಆದರ್ಶ ಬಾಲಕ. ಉಪನಿಷತ್ತಿನಲ್ಲಾದರೋ ಅವನು ತಂದೆಯ ಮಾತನ್ನು ಪಾಲಿಸುವುದಕ್ಕೆ ಮುಂಚೆ ತಂದೆಯ ಕಾರ್ಯವನ್ನೇ ಸಂದೇಹಿಸಿದವನು. ಕೊನೆಯ ಹುಲ್ಲನ್ನು ಮೆಯ್ದು ಕೊನೆಯ ಹಾಲನ್ನು ಕರೆಸಿಕೊಂಡ ಮುದಿ ಹಸುಗಳನ್ನು ದಾನ ಕೊಡುತ್ತಿರುವುದನ್ನು ಕಂಡು, ನನ್ನನ್ನು ಯಾರಿಗೆ ಕೊಡುತ್ತೀಯ ಎಂದು ಮೂರು ಬಾರಿ ಕೇಳಿ ಕೆಣಕಿದವನು. ಮೃತ್ಯುವಿಗೆ ಕೊಡುತ್ತೇನೆ ಎಂಬುದು ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂದ ಮಾತು. ಹಲ್ಲಿಯ ಮಾತಿನಂತೆ ಅದೂ ಹಿಂದಕ್ಕೆ ಬರಲಿಲ್ಲ. ಮುಂದೆ ಯಮನು ಮೂರನೆಯ ಪ್ರಶ್ನೆಯನ್ನು ಕೇಳಿ ಮೊದಲು ಮಾಡುವ ಕೆಲಸ ತಪ್ಪಿಸಿಕೊಳ್ಳಲು ನೋಡುವುದು: ದೇವತೆಗಳಿಗೂ ಈ ವಿಷಯದಲ್ಲಿ ಸಂದೇಹವಿತ್ತು, ಬೇರೆ ವರ ಕೇಳು ಎನ್ನುತ್ತಾನೆ; ಆನೆ, ಕುದುರೆ, ಚಿನ್ನ, ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ರಥವೇರಿ ವಾದ್ಯ ಹಿಡಿದ ಚೆಲುವೆಯರು ಎಂದು ಆಸೆಗಳನ್ನು ಒಂದೊಂದಾಗಿ ಮುಂದಿಡುತ್ತಾನೆ. ಇದು ಶಿಷ್ಯನ ಪರೀಕ್ಷೆಯೆಂದು ವ್ಯಾಖ್ಯಾನಕಾರರು ಹೇಳುತ್ತಾರೆ, ಅದು ಸರಿಯೇ. ಜೊತೆಗೆ, ಸಾವಿನ ಬಗ್ಗೆ ಮಗುವೊಂದು ಕೇಳಿದಾಗ ದೊಡ್ಡವರು ಮಾಡುವುದೂ ಇದನ್ನೇ. ಅದರ ಕೈಗೆ ಆಟದ ಆನೆಯನ್ನೋ ಕುದುರೆಯನ್ನೋ ಕೊಟ್ಟು ಮಾತು ಮರೆಸುವುದು. ದುಃಖವಿಲ್ಲದ ಕೊನೆಯನ್ನು ಹೊಲಿದ ಬಣ್ಣಬಣ್ಣದ ಕಥೆಪುಸ್ತಕ ಆ ಆನೆಗಳಲ್ಲೊಂದು. ರಥವೂ ಕುಣಿತವೂ ಹಾಡೂ ನಿನ್ನಲ್ಲೇ ಇರಲಿ ಎಂದು ಹುಡುಗ ಹಿಂದಿರುಗಿಸಿದ ಮೇಲೆ ಮಾತ್ರ ಯಮನು ಮಾತಾಡುತ್ತಾನೆ.

ಉತ್ತರ ಕೊಡದೆಯೇ ಉತ್ತರಿಸುವ ಇನ್ನೊಂದು ದಾರಿ ಬೌದ್ಧರ ಕಿಸಾಗೋತಮಿಯ ಕಥೆಯದು. ಸತ್ತ ಕೂಸನ್ನು ಸೊಂಟದ ಮೇಲೆ ಹೊತ್ತು ಶ್ರಾವಸ್ತಿಯಲ್ಲಿ ಮದ್ದು ಬೇಡುತ್ತಿದ್ದ ಆಕೆಗೆ ಬುದ್ಧನು, ಯಾರೂ ಸಾಯದ ಮನೆಯಿಂದ ಸಾಸಿವೆ ತಾ ಎಂದ ಕಥೆ ಕನ್ನಡದ ಮಕ್ಕಳಿಗೆ ಸಾಸಿವೆಯ ಕಥೆಯೆಂದೇ ಪರಿಚಿತ. ಎಲ್ಲರೂ ಸಾಯುವವರೇ ಎಂಬ ಸಾರಾಂಶದಲ್ಲಿ ಅದನ್ನು ಮುಗಿಸುವುದು ರೂಢಿ. ಕಥೆಯಲ್ಲಿ ಮುಖ್ಯವಾದದ್ದು ಆ ಸಾರಾಂಶವಲ್ಲ. ಅದನ್ನು ಬುದ್ಧನೇ ಒಂದು ವಾಕ್ಯದಲ್ಲಿ ಹೇಳಿಬಿಡಬಹುದಾಗಿತ್ತು. ಅವನು ಅವಳನ್ನು ಮನೆಮನೆಗೆ ನಡೆಸಿದ. ಪ್ರತಿ ಹೊಸ್ತಿಲಲ್ಲಿಯೂ ಸಾಸಿವೆ ಸಿಕ್ಕಿತು, ಜೊತೆಗೆ ಆ ಮನೆಯವರ ಸತ್ತವರ ಹೆಸರೂ ಸಿಕ್ಕಿತು. ಕೂಸು ಏಕೆ ಸತ್ತಿತೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ.

ಕನ್ನಡದ ಮಕ್ಕಳು ಸಾವನ್ನು ಮೊದಲು ಎದುರಿಸುವ ಕಥೆ ಬಹುಶಃ ಗೋವಿನ ಹಾಡು. ಪದ್ಮಪುರಾಣದಲ್ಲಿ ಇದನ್ನು ಹೋಲುವ ನಂದಾ ಎಂಬ ಹಸುವಿನ ಕಥೆಯಿದೆ. ಅಲ್ಲಿನ ಹುಲಿ, ಮರಿಗೆ ಮೊಲೆಯೂಡುತ್ತಿದ್ದ ಹುಲ್ಲೆಯನ್ನು ಬಾಣದಿಂದ ಹೊಡೆದು ಶಾಪಕ್ಕೆ ಗುರಿಯಾದ ಪ್ರಭಂಜನನೆಂಬ ರಾಜ, ಹಸುವಿನ ಸತ್ಯದಿಂದ ಅವನಿಗೆ ಬಿಡುಗಡೆ. ಪುರಾಣ ಹುಲಿಯ ಬಾಳಿಗೂ ಸಾವಿಗೂ ಲೆಕ್ಕ ಒಪ್ಪಿಸುತ್ತದೆ. ಕನ್ನಡದ ಹಾಡಿನ ಅರ್ಬುತ ಬರಿಯ ಹಸಿದ ಹುಲಿ, ಅದಕ್ಕೆ ಹಿಂದಿನ ಕಥೆಯಿಲ್ಲ. ಮಾತಿಗೆ ತಪ್ಪದೆ ಬಂದು ನಿಂತ ಪುಣ್ಯಕೋಟಿಯನ್ನು ಕಂಡು, ಇವಳು ಒಡಹುಟ್ಟಿದ ಅಕ್ಕನಂಥವಳು ಎಂದುಕೊಂಡು, ಮೇಲಕ್ಕೆ ಹಾರಿ ಪ್ರಾಣ ಬಿಡುತ್ತದೆ. ಹಸುವಿಗೆ ದಾರಿ ಬಿಟ್ಟು ಕಾಡಿನೊಳಗೆ ಹೊರಟುಹೋಗುವ ಹುಲಿಯನ್ನು ಕೆಲವು ಹೊಸ ಪುನರ್ಕಥನಗಳು ಬಯಸುವುದು ಸಹಜ, ಏಕೆಂದರೆ ಹುಲಿ ಏಕೆ ಸಾಯಬೇಕಿತ್ತು ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ಹಾಡು ಅದಕ್ಕೆ ಉತ್ತರಿಸುವುದಿಲ್ಲ. ಹುಲಿ ಪಾಪಿಯೆಂದೂ ಹೇಳುವುದಿಲ್ಲ, ಪುಣ್ಯವಂತನೆಂದೂ ಹೇಳುವುದಿಲ್ಲ.

ಆದರೆ ಹಾಡಿನ ನಡುವೆ, ದೊಡ್ಡಿಯಲ್ಲಿ, ಇನ್ನೊಂದು ಸಂವಾದ ನಡೆಯುತ್ತದೆ; ಸಾವನ್ನು ಮಗುವಿಗೆ ಹೇಳುವುದು ಹೇಗೆಂಬ ಪ್ರಶ್ನೆಗೆ ಇಷ್ಟು ಹತ್ತಿರವಾದ ಸನ್ನಿವೇಶ ಬೇರೆ ಕಥೆಗಳಲ್ಲಿ ಕಾಣಸಿಗುವುದು ವಿರಳ. ಹುಲಿಗೆ ಮಾತು ಕೊಟ್ಟು ಬಂದ ತಾಯಿ ಕರುವಿಗೆ ಹಾಲೂಡಿಸುತ್ತ, ತಾನು ಎಲ್ಲಿಗೆ ಹೋಗುತ್ತಿರುವೆನೆಂಬುದನ್ನು ಮರೆಮಾಚದೆ ಹೇಳುತ್ತಾಳೆ; ದೂರದ ಊರಿಗೆ ಹೋಗಿಬರುತ್ತೇನೆ ಎನ್ನುವುದಿಲ್ಲ, ನಕ್ಷತ್ರವಾಗುತ್ತೇನೆ ಎನ್ನುವುದಿಲ್ಲ. ಕರು ನಚಿಕೇತನಂತೆ, ಸತ್ತ ಮೇಲೆ ನೀನು ಇರುತ್ತೀಯೋ ಇಲ್ಲವೋ ಎಂದು ಕೇಳುವುದಿಲ್ಲ. ಇನ್ನು ಮುಂದೆ ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂಬುದು ಅದರ ಪ್ರಶ್ನೆ. ತಾಯಿಯೂ ಆ ಪ್ರಶ್ನೆಯನ್ನು ಸಾವಿನ ಕಡೆಗೆ ತಿರುಗಿಸದೆ ದೊಡ್ಡಿಯ ಕಡೆಗೆ ತಿರುಗಿಸಿ, ಸುತ್ತ ನಿಂತ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಈ ತಬ್ಬಲಿ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಕೇಳಿಕೊಂಡು, ಗವಿಯ ದಾರಿ ಹಿಡಿಯುತ್ತಾಳೆ.